ಬಂಡೆಯ ಬಿರುಕಿನಲ್ಲಿ ಅರಳುವ ಫೈಸೊಪ್ಲೆಕ್ಸಿಸ್: ಬೀಜದಿಂದ ಬೀಜದವರೆಗೆ ಬೆಳೆಸುವ ಕ್ರಮ

ದಕ್ಷಿಣ ಆಲ್ಪ್ಸ್ ಪರ್ವತಗಳ ಸುಣ್ಣಕಲ್ಲಿನ ಕಡಿದಾದ ಗೋಡೆಗಳಲ್ಲಿ, ಬೆರಳ ತುದಿಯೂ ತೂರದಷ್ಟು ಕಿರಿದಾದ ಬಿರುಕುಗಳೊಳಗೆ ಬೇರಿಳಿಸಿ ಬದುಕುವ ಒಂದು ಪುಟ್ಟ ಗಿಡವಿದೆ. ಅದರ ಶಾಸ್ತ್ರೀಯ ಹೆಸರು ಫೈಸೊಪ್ಲೆಕ್ಸಿಸ್ ಕೊಮೋಸಾ. ಬೇಸಿಗೆಯಲ್ಲಿ ಹೂ ಬಿಟ್ಟಾಗ, ತಿಳಿನೇರಳೆ ಬಣ್ಣದ ಹತ್ತಾರು ಸಣ್ಣ ಬುಡ್ಡಿಗಳನ್ನು ಒಟ್ಟುಗೂಡಿಸಿ, ಒಂದೊಂದರ ಕತ್ತನ್ನೂ ಕಡುನೇರಳೆ ಬಣ್ಣದಲ್ಲಿ ಅದ್ದಿ ತೆಗೆದಿಟ್ಟಂತೆ ಅದು ಕಾಣುತ್ತದೆ. ಹೂವೆಂದರೆ ಅರಳಿದ ಎಸಳು ಎಂದು ತಿಳಿದವರಿಗೆ ಇದು ಹೂವೋ, ಕಾಯಿಯೋ, ಯಾವುದೋ ಪ್ರಾಣಿಯ ಉಗುರುಗಳೋ ಎಂಬ ಗೊಂದಲವಾಗುವುದು ಸಹಜ. ಜರ್ಮನ್ ಭಾಷಿಕರು ಇದನ್ನೂ ಇದರ ಬಳಗದ ಗಿಡಗಳನ್ನೂ ‘ದೆವ್ವದ ಉಗುರು’ ಎಂಬ ಅರ್ಥದ ಹೆಸರಿನಿಂದ ಕರೆಯುವುದು ಈ ಕಾರಣಕ್ಕೇ. ಇದೇ ಅರ್ಥದ ಹೆಸರಿನಲ್ಲಿ ಔಷಧಿ ಅಂಗಡಿಗಳಲ್ಲಿ ಸಿಗುವ ಬೇರು ದಕ್ಷಿಣ ಆಫ್ರಿಕಾದ ಒಣಭೂಮಿಯಲ್ಲಿ ಬೆಳೆಯುವ ಬೇರೊಂದು ಗಿಡದ್ದು. ಅದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಈ ಗಿಡವನ್ನು ಬೆಳೆಸುವುದು ಕಷ್ಟವೆಂಬ ಮಾತು ಬಂಡೆತೋಟದ ಹವ್ಯಾಸಿಗಳಲ್ಲಿ ಪ್ರಚಲಿತವಾಗಿದೆ. ನನ್ನ ಅಭಿಪ್ರಾಯದಲ್ಲಿ ಅದು ಅರ್ಧ ಸತ್ಯ. ಬಿರುಕಿನೊಳಗೆ ಈ ಗಿಡಕ್ಕೆ ಸಿಗುವುದೇನು, ಸಿಗದಿರುವುದೇನು ಎಂಬುದನ್ನು ಸರಿಯಾಗಿ ಅರಿತವರಿಗೆ ಉಳಿದ ಎಲ್ಲ ಹಂತಗಳೂ ತಾವಾಗಿ ಅರ್ಥವಾಗುತ್ತವೆ. ಅದನ್ನು ಅರಿಯದೆ ಕೇವಲ ಮಣ್ಣಿನ ಅಳತೆ, ನೀರಿನ ಅಳತೆಗಳನ್ನು ಅನುಸರಿಸಿದವರ ಗಿಡಗಳು ಮೊದಲ ಅಥವಾ ಎರಡನೆಯ ಚಳಿಗಾಲದಲ್ಲಿ ಕೊಳೆತುಹೋಗುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯನ್ನು ಕುಂಡದಿಂದ ಆರಂಭಿಸದೆ ಬಂಡೆಯಿಂದಲೇ ಆರಂಭಿಸುತ್ತೇನೆ.

ಗಿಡದ ಪರಿಚಯ

ಫೈಸೊಪ್ಲೆಕ್ಸಿಸ್ ಗಂಟೆಹೂಗಳ ಕುಟುಂಬವಾದ ಕ್ಯಾಂಪನುಲೇಸಿಗೆ ಸೇರಿದೆ. ಲಿನೇಯಸ್ 1753ರಲ್ಲಿ ಇದನ್ನು ಫೈಟ್ಯೂಮಾ ಎಂಬ ಕುಲದಲ್ಲಿ ಸೇರಿಸಿ ಹೆಸರಿಸಿದರು. ಹೂವಿನ ರಚನೆಯಲ್ಲಿನ ಒಂದು ಮುಖ್ಯ ವ್ಯತ್ಯಾಸದಿಂದಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಇದಕ್ಕೆ ಪ್ರತ್ಯೇಕ ಕುಲವೊಂದು ದೊರೆಯಿತು, ಮತ್ತು ಆ ಕುಲದಲ್ಲಿ ಇದೊಂದೇ ಪ್ರಭೇದವಿದೆ. ‘ಕೊಮೋಸಾ’ ಎಂದರೆ ಲ್ಯಾಟಿನ್‌ನಲ್ಲಿ ಜುಟ್ಟುಳ್ಳದ್ದು ಎಂದರ್ಥ. ಹಳೆಯ ಬೀಜಪಟ್ಟಿಗಳಲ್ಲಿ ಇಂದಿಗೂ ಇದು ಫೈಟ್ಯೂಮಾ ಕೊಮೋಸಮ್ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುವುದರಿಂದ ಹುಡುಕುವವರು ಎರಡೂ ಹೆಸರುಗಳನ್ನು ನೆನಪಿಟ್ಟುಕೊಳ್ಳಬೇಕು.

ಇಟಲಿಯ ಕೋಮೊ ಸರೋವರದ ಪೂರ್ವಕ್ಕಿರುವ ಗ್ರಿನ್ಯಾ ಪರ್ವತಗಳು, ಗಾರ್ಡಾ ಸರೋವರದ ಪಕ್ಕದ ಮೊಂಟೆ ಬಾಲ್ಡೊ, ಡೋಲೊಮೈಟ್ ಪರ್ವತಶ್ರೇಣಿ, ಅಲ್ಲಿಂದ ಪೂರ್ವಕ್ಕೆ ಆಸ್ಟ್ರಿಯಾ ಮತ್ತು ಸ್ಲೊವೇನಿಯಾಗಳ ಗಡಿಭಾಗದ ಬಂಡೆಗಳು, ಇಷ್ಟೇ ಇದರ ನೆಲೆ. ಜಗತ್ತಿನಲ್ಲಿ ಬೇರೆಲ್ಲಿಯೂ ಇದು ತಾನಾಗಿ ಬೆಳೆಯುವುದಿಲ್ಲ. ಬಂಡೆ ಸುಣ್ಣಕಲ್ಲಾಗಿರಬೇಕು ಇಲ್ಲವೇ ಡಾಲಮೈಟ್ ಆಗಿರಬೇಕು. ಡಾಲಮೈಟ್ ಎಂಬುದು ಕ್ಯಾಲ್ಸಿಯಂ ಜೊತೆಗೆ ಮೆಗ್ನೀಸಿಯಂ ಕೂಡ ಸೇರಿದ ಕಾರ್ಬನೇಟ್ ಖನಿಜ. ಫ್ರೆಂಚ್ ಭೂವಿಜ್ಞಾನಿ ದೇಯೊದಾ ದ ಡೊಲೊಮ್ಯೂ ಅವರ ಹೆಸರು ಮೊದಲು ಆ ಖನಿಜಕ್ಕೆ, ಬಳಿಕ ಆ ಪರ್ವತಗಳಿಗೇ ಅಂಟಿಕೊಂಡಿತು.

ಗಿಡದ ಎತ್ತರ ಸಾಮಾನ್ಯವಾಗಿ 5ರಿಂದ 15 ಸೆಂ.ಮೀ. ಬುಡದ ಎಲೆಗಳು ಉದ್ದ ತೊಟ್ಟಿನ, ಹೃದಯ ಅಥವಾ ಮೂತ್ರಪಿಂಡದ ಆಕಾರದ, ಅಂಚಿನಲ್ಲಿ ಒರಟು ಹಲ್ಲುಗಳಿರುವ ಹೊಳಪಿನ ಎಲೆಗಳು. ಚಳಿಗಾಲದಲ್ಲಿ ನೆಲದ ಮೇಲಿನ ಭಾಗವೆಲ್ಲ ಒಣಗಿ, ದಪ್ಪನೆಯ ತಾಯಿಬೇರು ಮತ್ತು ಅದರ ತಲೆಯಲ್ಲಿರುವ ಕೆಲವೇ ಮೊಗ್ಗುಗಳು ಮಾತ್ರ ಜೀವ ಹಿಡಿದಿರುತ್ತವೆ. ನೆಲೆಯಲ್ಲಿ ಹೂಬಿಡುವ ಕಾಲ ಹೆಚ್ಚಾಗಿ ಜುಲೈ ಮತ್ತು ಆಗಸ್ಟ್. ಒಂದು ಗೊಂಚಲಿನಲ್ಲಿ ಸುಮಾರು 8ರಿಂದ 20 ಹೂಗಳಿದ್ದು, ಪ್ರತಿ ಹೂವೂ ಸುಮಾರು 2 ಸೆಂ.ಮೀ. ಉದ್ದವಿರುತ್ತದೆ.

ಬಿರುಕಿನೊಳಗೆ ಏನಿದೆ

ನೆಟ್ಟಗೆ ನಿಂತ ಬಂಡೆಯ ಮೇಲೆ ಮಳೆನೀರು ನಿಲ್ಲುವುದಿಲ್ಲ. ಬಿದ್ದ ಕ್ಷಣದಲ್ಲೇ ಜಾರಿ ಹೋಗುತ್ತದೆ. ಗಾಳಿ ಸದಾ ಬೀಸುವುದರಿಂದ ಎಲೆಗಳೂ ಗಿಡದ ತಲೆಯೂ ಬೇಗನೆ ಒಣಗುತ್ತವೆ. ಆದರೆ ಅದೇ ಬಂಡೆಯ ಒಳಗೆ, ಮೇಲ್ಮೈಯಿಂದ ಒಂದು ಗೇಣು ಆಳದಲ್ಲಿ, ಪರಿಸ್ಥಿತಿ ಸಂಪೂರ್ಣ ಬೇರೆ. ಅಲ್ಲಿ ಬಿಸಿಲು ತಾಗದು. ಮಧ್ಯಾಹ್ನದ ಕಾವು ತಲುಪುವ ಮೊದಲೇ ಸಂಜೆಯಾಗಿರುತ್ತದೆ. ಬಿರುಕಿನ ಹಿಂದೆ ಬಂಡೆಯ ಒಡಲಿನಲ್ಲಿ ಇಂಗಿದ ನೀರು ತಿಂಗಳುಗಟ್ಟಲೆ ತೇವವನ್ನು ಕಾಯ್ದುಕೊಂಡಿರುತ್ತದೆ. ಹೀಗೆ ಈ ಗಿಡದ ತಲೆ ಒಣಗಾಳಿಯಲ್ಲಿರುತ್ತದೆ, ಬೇರು ತಂಪಾದ ತೇವದಲ್ಲಿರುತ್ತದೆ. ಅವೆರಡರ ನಡುವಿನ ಅಂತರ ಕೆಲವೇ ಸೆಂಟಿಮೀಟರ್.

ಬೆಳೆಸುವವರು ಮಾಡಬೇಕಾದದ್ದೆಲ್ಲ ಈ ಎರಡು ಸ್ಥಿತಿಗಳನ್ನು ಒಟ್ಟಿಗೆ ಒದಗಿಸುವುದೇ. ಮಾಮೂಲಿ ಕುಂಡದ ಮಣ್ಣಿನಲ್ಲಿ ಇದು ಸಾಧ್ಯವಿಲ್ಲ, ಏಕೆಂದರೆ ಅಲ್ಲಿ ಬೇರು ಒದ್ದೆಯಾಗಿದ್ದರೆ ತಲೆಯೂ ಒದ್ದೆಯಾಗಿರುತ್ತದೆ, ತಲೆಯನ್ನು ಒಣಗಿಸಲು ಹೊರಟರೆ ಬೇರೂ ಒಣಗುತ್ತದೆ. ಮತ್ತೊಂದು ವಿಷಯವನ್ನೂ ಗಮನಿಸಬೇಕು. ಕಡಿದಾದ ಬಂಡೆಯ ಮೇಲೆ ಬಸವನಹುಳು ಸುಲಭವಾಗಿ ಹತ್ತಿ ಬರುವುದಿಲ್ಲ. ಈ ಗಿಡದ ಎಳೆಚಿಗುರು ಆ ಹುಳುಗಳಿಗೆ ಎಷ್ಟು ಪ್ರಿಯವೆಂದರೆ, ಸಮತಟ್ಟಾದ ನೆಲದಲ್ಲಿ ಇದು ಉಳಿಯದಿರುವುದಕ್ಕೆ ಅವೂ ಒಂದು ಕಾರಣವಿರಬೇಕೆಂದು ಅನುಭವಿ ತೋಟಗಾರರು ಊಹಿಸುತ್ತಾರೆ. ಈ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇನೆ.

ಮೊದಲ ಪ್ರಶ್ನೆ: ನಿಮ್ಮಲ್ಲಿ ಇದು ಬದುಕುತ್ತದೆಯೇ?

ಬೀಜಕ್ಕಾಗಿ ಹುಡುಕಾಟ ಆರಂಭಿಸುವ ಮೊದಲೇ ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಬೇಕು. ಗಿಡಕ್ಕೆ ಚಳಿಗಾಲದಲ್ಲಿ ಕೆಲವು ತಿಂಗಳ ನಿಜವಾದ ಚಳಿ ಬೇಕು. ಆ ವಿಶ್ರಾಂತಿಯಿಲ್ಲದೆ ಅದು ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಬೇಸಿಗೆಯ ಹಗಲಿನ ಬಿಸಿಲನ್ನು ಅದು ನೆರಳಿನ ಸಹಾಯದಿಂದ ತಡೆದುಕೊಳ್ಳಬಲ್ಲದು, ಆದರೆ ರಾತ್ರಿಯೂ ಸೆಕೆ ಮತ್ತು ತೇವ ಸೇರಿಕೊಂಡಿರುವ ಹವೆಯನ್ನು ತಡೆದುಕೊಳ್ಳಲಾರದು. ರಾತ್ರಿಯ ತಾಪಮಾನ ವಾರಗಟ್ಟಲೆ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದ ಕಡೆ ಈ ಪ್ರಯತ್ನವನ್ನು ಮಾಡದಿರುವುದೇ ಒಳ್ಳೆಯದೆಂದು ನಾನು ಹೇಳುತ್ತೇನೆ. ಅಪರೂಪದ ಗಿಡವೊಂದರ ಬೀಜ ಸೂಕ್ತ ಹವೆಯಿರುವವರ ಕೈ ಸೇರುವುದು ಹೆಚ್ಚು ನ್ಯಾಯ. ಹವೆ ಹೊಂದುತ್ತದೆಯೆಂದಾದರೆ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ, ಗಾಳಿ ಚೆನ್ನಾಗಿ ಆಡುವ ಜಾಗವನ್ನು ಈಗಲೇ ಗುರುತಿಸಿಟ್ಟುಕೊಳ್ಳಿ.

ಬೀಜವನ್ನು ಪಡೆಯುವುದು

ನೆಲೆಯಿಂದ ಗಿಡವನ್ನು ಕೀಳುವುದು ಅಪರಾಧ. ಐರೋಪ್ಯ ಒಕ್ಕೂಟವು 1992ರಲ್ಲಿ ಹೊರಡಿಸಿದ ವನ್ಯ ನೆಲೆಗಳ ನಿರ್ದೇಶನದ ನಾಲ್ಕನೆಯ ಅನುಬಂಧದಲ್ಲಿ ಫೈಸೊಪ್ಲೆಕ್ಸಿಸ್ ಹೆಸರು ಸೇರಿದೆ. ಅದರ ಪ್ರಕಾರ ಕಾಡಿನಲ್ಲಿರುವ ಗಿಡವನ್ನು ಉದ್ದೇಶಪೂರ್ವಕವಾಗಿ ಕೀಳುವುದು, ಕತ್ತರಿಸುವುದು, ಸಂಗ್ರಹಿಸುವುದು, ಹಾಗೆ ತಂದದ್ದನ್ನು ಇಟ್ಟುಕೊಳ್ಳುವುದು, ಸಾಗಿಸುವುದು, ಮಾರುವುದು ಎಲ್ಲವೂ ನಿಷಿದ್ಧ. ಕಾನೂನನ್ನು ಬದಿಗಿಟ್ಟು ನೋಡಿದರೂ ಕೀಳುವುದು ವ್ಯರ್ಥ ಕೃತ್ಯ. ತಾಯಿಬೇರು ಬಂಡೆಯೊಳಗೆ ಹೊಕ್ಕಿರುವುದರಿಂದ ಎಳೆದವರ ಕೈಗೆ ಬರುವುದು ತುಂಡಾದ ಬೇರು ಮಾತ್ರ, ಮತ್ತು ತುಂಡಾದ ಬೇರಿನ ಗಿಡ ಬದುಕುವುದಿಲ್ಲ.

ಆದ್ದರಿಂದ ಬೀಜ ತೋಟಗಳಲ್ಲಿ ಬೆಳೆದ ಗಿಡಗಳದ್ದೇ ಆಗಿರಬೇಕು. ಬ್ರಿಟನ್ನಿನಲ್ಲಿ 1929ರಲ್ಲಿ ಸ್ಥಾಪನೆಯಾದ ಆಲ್ಪೈನ್ ಗಾರ್ಡನ್ ಸೊಸೈಟಿ, 1933ರ ಸ್ಕಾಟಿಷ್ ರಾಕ್ ಗಾರ್ಡನ್ ಕ್ಲಬ್, 1934ರ ನಾರ್ತ್ ಅಮೆರಿಕನ್ ರಾಕ್ ಗಾರ್ಡನ್ ಸೊಸೈಟಿ, ಈ ಮೂರೂ ಸಂಸ್ಥೆಗಳು ತಮ್ಮ ಸದಸ್ಯರ ನಡುವೆ ಪ್ರತಿವರ್ಷ ಬೀಜ ವಿನಿಮಯ ನಡೆಸುತ್ತವೆ. ಬಂಡೆಸಸ್ಯಗಳನ್ನು ಮಾತ್ರ ಮಾರುವ ಸಣ್ಣ ನರ್ಸರಿಗಳೂ ಇವೆ. ಗಡಿ ದಾಟಿ ಬರುವ ಬೀಜಕ್ಕೆ ಬಹುತೇಕ ದೇಶಗಳಲ್ಲಿ ಸಸ್ಯ ಆರೋಗ್ಯದ ನಿಯಮಗಳು ಅನ್ವಯಿಸುವುದರಿಂದ ತರಿಸಿಕೊಳ್ಳುವ ಮೊದಲು ಅವನ್ನು ವಿಚಾರಿಸಿಕೊಳ್ಳಬೇಕು. ಬೀಜ ಧೂಳಿನಷ್ಟು ಸಣ್ಣದು. ಕೈಗೆ ಬಂದ ಕೂಡಲೇ ಬಿತ್ತಲಾಗದಿದ್ದರೆ ಕಾಗದದ ಪೊಟ್ಟಣದಲ್ಲಿಟ್ಟು, ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಹಳೆಯ ಬೀಜಕ್ಕಿಂತ ಹೊಸ ಬೀಜ ಬಹಳ ಚೆನ್ನಾಗಿ ಮೊಳೆಯುತ್ತದೆ.

ಬಿತ್ತನೆ

ಬಿತ್ತಲು ಸರಿಯಾದ ಕಾಲವೆಂದರೆ ಶರತ್ಕಾಲದ ಕೊನೆ ಅಥವಾ ಚಳಿಗಾಲದ ಆರಂಭ. ಸುಮಾರು 9 ಸೆಂ.ಮೀ. ಅಗಲದ ಕುಂಡವನ್ನು ತೆಗೆದುಕೊಂಡು ಬಿಸಿನೀರಿನಲ್ಲಿ ತೊಳೆಯಿರಿ. ಜರಡಿ ಹಿಡಿದ ತೋಟದ ಮಣ್ಣು ಅಥವಾ ಮಣ್ಣಾಧಾರಿತ ಬೀಜಮಿಶ್ರಣ ಒಂದು ಪಾಲು, 2ರಿಂದ 4 ಮಿ.ಮೀ. ಗಾತ್ರದ ಒರಟು ಕಲ್ಲುಹರಳು ಒಂದು ಪಾಲು, ಇವೆರಡನ್ನು ಬೆರೆಸಿ ಕುಂಡವನ್ನು ಅಂಚಿನಿಂದ ಒಂದೂವರೆ ಸೆಂ.ಮೀ. ಕೆಳಗಿನವರೆಗೆ ತುಂಬಿಸಿ ಮೆಲ್ಲಗೆ ಒತ್ತಿ. ಹರಳು ಸುಣ್ಣಕಲ್ಲಿನದ್ದಾದರೆ ಉತ್ತಮ. ಸಮುದ್ರದ ಮರಳು ಉಪ್ಪಿನ ಕಾರಣದಿಂದ ಕೂಡದು. ಗಾರೆಗೆ ಬಳಸುವ ನುಣುಪು ಮರಳು ಗಾಳಿಯನ್ನು ತಡೆಯುವುದರಿಂದ ಅದೂ ಬೇಡ.

ಈಗ ಬೀಜವನ್ನು ಮಣ್ಣಿನ ಮೇಲೆ ಉದುರಿಸಿ ಮುಚ್ಚುವ ರೂಢಿಯ ಕ್ರಮವನ್ನು ಬಿಟ್ಟು, ಮೊದಲು ಹರಳಿನ ತೆಳುಪದರವೊಂದನ್ನು, ಸುಮಾರು ಅರ್ಧ ಸೆಂ.ಮೀ. ದಪ್ಪದಲ್ಲಿ, ಮಣ್ಣಿನ ಮೇಲೆ ಹಾಸಿರಿ. ಬೀಜವನ್ನು ಒಂದು ಚಿಟಿಕೆ ಒಣ ನುಣ್ಣನೆಯ ಮರಳಿನೊಂದಿಗೆ ಬೆರೆಸಿ ಆ ಹರಳಿನ ಮೇಲೆ ಸಮನಾಗಿ ಉದುರಿಸಿ. ನಂತರ ಕುಂಡವನ್ನು ನೀರಿರುವ ತಟ್ಟೆಯಲ್ಲಿ ನಿಲ್ಲಿಸಿದರೆ ನೀರು ಕೆಳಗಿನಿಂದ ಮೇಲೇರಿ ಹರಳು ಒದ್ದೆಯಾಗುತ್ತದೆ. ಬೀಜ ಹರಳುಗಳ ನಡುವಿನ ಸಂದುಗಳಿಗೆ ತಾನಾಗಿ ಇಳಿದು ನಿಲ್ಲುತ್ತದೆ. ಅಲ್ಲಿ ಅದಕ್ಕೆ ಬೆಳಕೂ ಉಂಟು, ತೇವವೂ ಉಂಟು, ಗಾಳಿಯೂ ಉಂಟು; ಹರಳಿನ ಪದರ ಪಾಚಿ ಬೆಳೆಯದಂತೆಯೂ ತಡೆಯುತ್ತದೆ. ಬಂಡೆಯ ಸಂದಿಗೆ ಗಾಳಿ ತಂದು ಹಾಕಿದ ಬೀಜದ ಪರಿಸ್ಥಿತಿಯೂ ಹೆಚ್ಚುಕಡಿಮೆ ಇದೇ. ಹೆಸರು ಮತ್ತು ದಿನಾಂಕವನ್ನು ಅಳಿಸದ ಶಾಯಿಯಲ್ಲಿ ಬರೆದು ಕುಂಡದಲ್ಲಿ ನೆಡಲು ಮರೆಯಬೇಡಿ, ಏಕೆಂದರೆ ಈ ಕುಂಡವನ್ನು ನೀವು ಬಹುಕಾಲ ಕಾಯಬೇಕಾಗುತ್ತದೆ.

ಬಿತ್ತಿದ ಕುಂಡವನ್ನು ಹೊರಗೆ, ಜೋರುಮಳೆ ನೇರವಾಗಿ ಬೀಳದ ಆದರೆ ಚಳಿಯೂ ಹಿಮವೂ ತಾಗುವ ಜಾಗದಲ್ಲಿಡಿ. ಹೆಪ್ಪುಗಟ್ಟಿ ಕರಗುವ ಆವರ್ತನದಿಂದ ಬೀಜಕ್ಕೆ ಹಾನಿಯಿಲ್ಲ. ಚಳಿಯನ್ನು ಅನುಭವಿಸಿದ ಬೀಜವೇ ವಸಂತದಲ್ಲಿ ನಿದ್ದೆ ಬಿಟ್ಟು ಏಳುತ್ತದೆ. ಬೀಜ ತಡವಾಗಿ ಸಿಕ್ಕಿ ಚಳಿಗಾಲ ಕಳೆದುಹೋಗಿದ್ದರೆ, ಒದ್ದೆಯಾದ ಕುಂಡವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಫ್ರಿಜ್‌ನಲ್ಲಿ 3ರಿಂದ 5 ಡಿಗ್ರಿಯಲ್ಲಿ ಆರರಿಂದ ಎಂಟು ವಾರ ಇರಿಸಿ ಬಳಿಕ ಹೊರತೆಗೆಯಬಹುದು. ಹಗಲಿನ ತಾಪಮಾನ 10ರಿಂದ 15 ಡಿಗ್ರಿಗೆ ಏರುವ ಹೊತ್ತಿಗೆ ಮೊಳಕೆಗಳು ಕಾಣಿಸಿಕೊಳ್ಳುತ್ತವೆ. ಮೊದಲ ವಸಂತದಲ್ಲಿ ಒಂದೂ ಮೊಳೆಯದಿದ್ದರೆ ಕುಂಡವನ್ನು ಎಸೆಯಬೇಡಿ. ತೇವ ಆರದಂತೆ ನೋಡಿಕೊಂಡು ಇನ್ನೊಂದು ಚಳಿಗಾಲವನ್ನು ಅದಕ್ಕೆ ಕೊಡಿ. ಎರಡನೆಯ ವಸಂತದಲ್ಲಿ ಎದ್ದು ಬರುವ ಮೊಳಕೆಗಳೂ ಇವೆ.

ಎಳೆಸಸಿಯ ಆರೈಕೆ

ಮೊಳಕೆ ಬಹಳ ಸಣ್ಣದು, ನಿಧಾನವಾಗಿ ಬೆಳೆಯುವಂಥದ್ದು. ಮೊದಲ ಬೇಸಿಗೆಯಲ್ಲಿ ಎರಡು ಮೂರು ಎಲೆಗಳಷ್ಟೇ ಕಾಣಿಸುವುದು ಸಾಮಾನ್ಯ. ಕಣ್ಣಿಗೆ ಕಾಣುವ ಬೆಳವಣಿಗೆ ಕಡಿಮೆಯಾದರೂ ಬೇರು ಕೆಳಗಿಳಿಯುತ್ತಲೇ ಇರುತ್ತದೆ, ಮತ್ತು ಈ ಹಂತದಲ್ಲಿ ಅವಸರಪಟ್ಟು ಗೊಬ್ಬರ ಹಾಕಿದವರು ಮೃದುವಾದ, ಕೊಳೆರೋಗಕ್ಕೆ ಸುಲಭವಾಗಿ ತುತ್ತಾಗುವ ಸಸಿಗಳನ್ನು ಪಡೆಯುತ್ತಾರೆ. ನೀರನ್ನು ಕೆಳಗಿನಿಂದಲೇ ಕೊಡುತ್ತಿರಿ. ಬೆಳಕು ಧಾರಾಳವಾಗಿರಲಿ, ಆದರೆ ಮಧ್ಯಾಹ್ನದ ಬಿಸಿಲು ಬೇಡ.

ಸಸಿಗಳನ್ನು ಬೇರ್ಪಡಿಸುವುದು ಯಾವಾಗ ಎಂಬುದರ ಬಗ್ಗೆ ಎರಡು ಅಭಿಪ್ರಾಯಗಳಿವೆ. ಒಂದು ಇಡೀ ವರ್ಷ ಅದೇ ಕುಂಡದಲ್ಲಿ ಬಿಟ್ಟು, ಎಲೆಯುದುರಿ ವಿಶ್ರಾಂತಿ ಪಡೆದ ನಂತರ, ಮರುವಸಂತದಲ್ಲಿ ಮೊಗ್ಗುಗಳು ಉಬ್ಬುವ ಹೊತ್ತಿಗೆ ಬೇರ್ಪಡಿಸುವುದು ಒಂದು ಕ್ರಮ. ಇನ್ನೊಂದು, ಎರಡು ಅಥವಾ ಮೂರು ನಿಜವಾದ ಎಲೆಗಳು ಬಂದ ಕೂಡಲೇ, ಬೇರು ಇನ್ನೂ ಚಿಕ್ಕದಿರುವಾಗಲೇ ಶಾಶ್ವತ ಜಾಗಕ್ಕೆ ಸಾಗಿಸುವುದು. ಕುಂಡದಲ್ಲೇ ಬೆಳೆಸುವವರಿಗೆ ಮೊದಲನೆಯದು ಸುರಕ್ಷಿತ. ಟೂಫಾ ಎಂಬ ಮೆದುವಾದ, ರಂಧ್ರಮಯ ಸುಣ್ಣದ ಕಲ್ಲಿನಲ್ಲಿ ನೆಡುವವರಿಗೆ ಎರಡನೆಯದೇ ಸರಿ, ಏಕೆಂದರೆ ದಪ್ಪಗಾದ ತಾಯಿಬೇರನ್ನು ಮುರಿಯದೆ ಕಿರಿದಾದ ರಂಧ್ರಕ್ಕೆ ಇಳಿಸುವುದು ಅಸಾಧ್ಯ. ಎರಡೂ ಸಂದರ್ಭದಲ್ಲಿ ಸಸಿಯನ್ನು ಕಾಂಡದಿಂದ ಹಿಡಿಯದೆ ಎಲೆಯಿಂದ ಹಿಡಿಯಿರಿ. ಎಲೆ ಹರಿದರೆ ಹೊಸದು ಬರುತ್ತದೆ, ಕಾಂಡ ನಲುಗಿದರೆ ಸಸಿಯೇ ಹೋಗುತ್ತದೆ.

ಟೂಫಾದಲ್ಲಿ ನೆಡುವುದು

ಈ ಗಿಡಕ್ಕೆ ತಕ್ಕ ಮನೆ ಟೂಫಾ ಎಂಬುದು ನನ್ನ ದೃಢವಾದ ನಂಬಿಕೆ. ಸುಣ್ಣ ಕರಗಿದ ಚಿಲುಮೆಯ ನೀರು ಪಾಚಿ ಮತ್ತು ಗಿಡಗಂಟಿಗಳ ಮೇಲೆ ಹರಿಯುತ್ತಾ ತನ್ನಲ್ಲಿನ ಕ್ಯಾಲ್ಸಿಯಂ ಕಾರ್ಬನೇಟನ್ನು ಪದರಪದರವಾಗಿ ಬಿಟ್ಟು ಹೋಗುವುದರಿಂದ ಉಂಟಾಗುವ ಕಲ್ಲು ಇದು. ಒಳಗೆ ಸಿಲುಕಿದ್ದ ಸಸ್ಯಭಾಗಗಳು ಕೊಳೆತು ಹೋದ ಮೇಲೆ ಕಲ್ಲಿನಲ್ಲೆಲ್ಲ ಸೂಕ್ಷ್ಮ ರಂಧ್ರಗಳುಳಿಯುತ್ತವೆ. ಹೀಗಾಗಿ ಅದು ಸ್ಪಂಜಿನಂತೆ ನೀರನ್ನು ಹೀರಿಕೊಂಡರೂ ಒಳಗೆ ಗಾಳಿಯನ್ನೂ ಉಳಿಸಿಕೊಂಡಿರುತ್ತದೆ. ಬೇರಿಗೆ ತಂಪು ಮತ್ತು ತೇವ, ತಲೆಗೆ ಒಣಗಾಳಿ ಎಂಬ ಎರಡು ಬೇಡಿಕೆಗಳನ್ನೂ ಒಂದೇ ಕಲ್ಲು ಪೂರೈಸುತ್ತದೆ. ಆದರೆ ಇಂದಿಗೂ ಟೂಫಾ ರೂಪುಗೊಳ್ಳುತ್ತಿರುವ ಚಿಲುಮೆಗಳು ತಾವೇ ಅಪರೂಪದ ನೆಲೆಗಳು, ಯೂರೋಪಿನಲ್ಲಿ ಅವಕ್ಕೂ ಕಾನೂನಿನ ರಕ್ಷಣೆಯಿದೆ. ಆದ್ದರಿಂದ ಹಳೆಯ, ನೀರು ಬತ್ತಿದ ಗಣಿಗಳಿಂದ ಬಂದ ಕಲ್ಲನ್ನಷ್ಟೇ ಕೊಳ್ಳಿ, ಅಥವಾ ಹಳೆಯ ತೋಟಗಳಿಂದ ಮರುಬಳಕೆಗೆ ದೊರೆಯುವುದನ್ನು ಹುಡುಕಿ.

ಕಲ್ಲಿನ ಪ್ರತಿ ಬದಿಯೂ 30 ಸೆಂ.ಮೀ.ಗಿಂತ ಕಡಿಮೆಯಿರದಿದ್ದರೆ ಒಳ್ಳೆಯದು. ಸಣ್ಣ ತುಂಡುಗಳು ಬೇಸಿಗೆಯಲ್ಲಿ ಬೇಗ ಒಣಗಿಬಿಡುತ್ತವೆ. ಕಲ್ಲಿನ ನೆರಳಿನ ಬದಿಯನ್ನು ಆರಿಸಿಕೊಂಡು, 2ರಿಂದ 2.5 ಸೆಂ.ಮೀ. ಅಗಲದ, 8ರಿಂದ 10 ಸೆಂ.ಮೀ. ಆಳದ ರಂಧ್ರವನ್ನು ಕೊರೆಯಿರಿ. ರಂಧ್ರ ಅಡ್ಡಕ್ಕೂ ಇರಬಾರದು, ನೇರ ಕೆಳಕ್ಕೂ ಇರಬಾರದು. ಮೇಲ್ಮೈಯಿಂದ ಒಳಕ್ಕೆ ಓರೆಯಾಗಿ ಇಳಿಯಬೇಕು. ನೇರ ಕೆಳಕ್ಕೆ ಕೊರೆದರೆ ಮಳೆನೀರು ಗಿಡದ ತಲೆಯ ಸುತ್ತ ನಿಲ್ಲುತ್ತದೆ, ಅಡ್ಡಕ್ಕೆ ಕೊರೆದರೆ ಬೇರಿಗೆ ಕೆಳಗಿಳಿಯುವ ದಾರಿ ಇಲ್ಲದಾಗುತ್ತದೆ. ಟೂಫಾ ಮೆದುವಾಗಿರುವುದರಿಂದ ಗೋಡೆ ಕೊರೆಯುವ ಡ್ರಿಲ್ ಅನ್ನು ಬಡಿತದ ವ್ಯವಸ್ಥೆಯನ್ನು ಬಂದ್ ಮಾಡಿ ನಿಧಾನವಾಗಿ ಓಡಿಸಿದರೆ ಸಾಕು. ಧೂಳು ಕಣ್ಣಿಗೂ ಶ್ವಾಸಕೋಶಕ್ಕೂ ಹಾನಿಕರವಾದ್ದರಿಂದ ಕನ್ನಡಕ ಮತ್ತು ಮುಖಗವಸು ಧರಿಸಿ. ಉದುರಿದ ಪುಡಿಯನ್ನು ಎಸೆಯಬೇಡಿ, ಅದೇ ಮುಂದೆ ರಂಧ್ರ ತುಂಬುವ ಮಣ್ಣು.

ನಂತರ ಕಲ್ಲನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆಗಳೇಳುವುದು ನಿಲ್ಲುವವರೆಗೆ ಬಿಡಿ. ಒಂದು ರಾತ್ರಿ ಬಿಡುವುದು ಇನ್ನೂ ಒಳ್ಳೆಯದು. ಒಣಗಿದ ಟೂಫಾದಲ್ಲಿ ನೆಟ್ಟ ಸಸಿಯ ಬೇರಿನಿಂದ ಕಲ್ಲೇ ನೀರನ್ನು ಹೀರಿಬಿಡುತ್ತದೆ. ಸಸಿಯನ್ನು ಕುಂಡದಿಂದ ಬಿಡಿಸಿ ಬೇರಿಗಂಟಿದ ಮಣ್ಣನ್ನು ನೀರಿನಲ್ಲಿ ಅಲ್ಲಾಡಿಸಿ ತೊಳೆಯಿರಿ. ಒದ್ದೆಯಾದ ತೆಳುಕಾಗದದ ಪಟ್ಟಿಯೊಂದರ ಮೇಲೆ ಬೇರನ್ನು ನೀಳವಾಗಿ ಇಟ್ಟು, ಪಟ್ಟಿಯನ್ನು ಸಡಿಲವಾಗಿ ಸುತ್ತಿ ರಂಧ್ರದೊಳಗೆ ಜಾರಿಸಿದರೆ ಬೇರು ಮಡಚಿಕೊಳ್ಳದೆ ಕೆಳಗಿಳಿಯುತ್ತದೆ. ಕಾಗದ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ಸುತ್ತಲಿನ ಖಾಲಿ ಜಾಗಕ್ಕೆ ಟೂಫಾ ಪುಡಿ ಎರಡು ಪಾಲು, ಒರಟು ಮರಳು ಒಂದು ಪಾಲು, ಜರಡಿ ಹಿಡಿದ ಮಣ್ಣು ಸ್ವಲ್ಪ, ಇವುಗಳ ಮಿಶ್ರಣವನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿ ಸಣ್ಣ ಕಡ್ಡಿಯಿಂದ ಮೆಲ್ಲಗೆ ಗಟ್ಟಿಮಾಡಿ. ಕೊನೆಯಲ್ಲಿ ಬಾಯಿಯ ಬಳಿ ಟೂಫಾ ಚೂರೊಂದನ್ನು ಬೆಣೆಯಂತೆ ಸೇರಿಸಿ. ಮಳೆಗೆ ಮಿಶ್ರಣ ಕೊಚ್ಚಿಹೋಗದಂತೆ ಅದು ತಡೆಯುತ್ತದೆ, ಗಿಡದ ತಲೆಗೆ ಒಣ ಕೊರಳಪಟ್ಟಿಯಾಗಿಯೂ ನಿಲ್ಲುತ್ತದೆ.

ಹೀಗೆ ನೆಟ್ಟ ಕಲ್ಲಿನ ಕೆಳಗಿನ ಮೂರನೆಯ ಒಂದು ಭಾಗ ಸದಾ ಒದ್ದೆಯಾಗಿರುವ ಮರಳಿನಲ್ಲಿ ಹುದುಗಿರಲಿ. ಅಲ್ಲಿಂದ ಮುಂದೆ ನೀರು ಹಾಕುವುದೆಂದರೆ ಮರಳಿಗೆ ಹಾಕುವುದೇ ಹೊರತು ಗಿಡಕ್ಕಲ್ಲ. ಕಲ್ಲು ತನಗೆ ಬೇಕಾದಷ್ಟನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಮೊದಲ ನಾಲ್ಕಾರು ವಾರ ಮಾತ್ರ, ಬೇರು ಕಲ್ಲಿನ ರಂಧ್ರಗಳಿಗೆ ಇಳಿಯುವವರೆಗೆ, ನೆರಳು ಮಾಡಿ ಕಲ್ಲಿನ ಮೇಲ್ಮೈಗೆ ತುಂತುರು ಕೊಡಬೇಕು.

ಟೂಫಾ ಸಿಗದಿದ್ದರೆ

ಎರಡು ದಾರಿಗಳಿವೆ. ಚೆಕ್ ತೋಟಗಾರರು ರೂಢಿಗೆ ತಂದ ಬಿರುಕುತೋಟ ಮೊದಲನೆಯದು: ಚಪ್ಪಟೆ ಸುಣ್ಣಕಲ್ಲುಗಳನ್ನು ಪುಸ್ತಕಗಳಂತೆ ನೆಟ್ಟಗೆ, ಒಂದಕ್ಕೊಂದು ತೀರ ಹತ್ತಿರದಲ್ಲಿ ನಿಲ್ಲಿಸಿ, ನಡುವಿನ ಒಂದೆರಡು ಸೆಂಟಿಮೀಟರ್ ಸಂದುಗಳನ್ನು ಮರಳು ಮತ್ತು ಹರಳಿನಿಂದ ತುಂಬಿಸುವುದು. ಕಲ್ಲುಗಳ ಕನಿಷ್ಠ ಅರ್ಧಭಾಗ ನೆಲದೊಳಗಿದ್ದರೆ ಬೇರಿಗೆ ಬೇಕಾದ ಆಳ ದೊರೆಯುತ್ತದೆ.

ಎರಡನೆಯದು ಉದ್ದನೆಯ ಮಣ್ಣಿನ ಕುಂಡ. ಮಣ್ಣು ಒಂದು ಪಾಲು, ಎಲೆಗೊಬ್ಬರ ಒಂದು ಪಾಲು, ಸುಣ್ಣಕಲ್ಲಿನ ಹರಳು ಮೂರು ಪಾಲು ಬೆರೆಸಿ ತುಂಬಿಸಿ, ಮೇಲ್ಭಾಗದಲ್ಲಿ 2 ಸೆಂ.ಮೀ. ದಪ್ಪ ಹರಳನ್ನೇ ಹಾಸಿ, ಗಿಡದ ಎರಡೂ ಬದಿಗೆ ಚಪ್ಪಟೆ ಕಲ್ಲುಗಳನ್ನು ಇಳಿಸಿ ಕೃತಕ ಬಿರುಕನ್ನು ನಿರ್ಮಿಸಿ. ಕುಂಡವನ್ನು ಅಂಚಿನವರೆಗೆ ಮರಳಿನ ತೊಟ್ಟಿಯಲ್ಲಿ ಹೂತು, ತೊಟ್ಟಿಯನ್ನು ಬಿಸಿ ಮಾಡದ, ಎಲ್ಲ ಬದಿಯಿಂದ ಗಾಳಿಯಾಡುವ ಗಾಜಿನ ಮನೆಯಲ್ಲಿರಿಸಿದರೆ ಬೇರಿನ ತಾಪಮಾನ ಏರುಪೇರಾಗುವುದಿಲ್ಲ.

ವರ್ಷದ ಉದ್ದಕ್ಕೂ ನೀರು

ವಸಂತದ ಆರಂಭದಲ್ಲಿ ಮೊಗ್ಗುಗಳು ಉಬ್ಬಿದಾಗ ಮರಳಿಗೆ ಧಾರಾಳವಾಗಿ ನೀರು ಕೊಡಲು ಆರಂಭಿಸಿ, ಹೂವು ಮುಗಿಯುವವರೆಗೂ ಬಿಡದೆ ಮುಂದುವರಿಸಿ. ಈ ಅವಧಿಯಲ್ಲಿ ಸಾರಜನಕ ಕಡಿಮೆಯಿರುವ, ಪೊಟ್ಯಾಸಿಯಂ ಹೆಚ್ಚಿರುವ ದ್ರವಗೊಬ್ಬರವನ್ನು ಹೇಳಿದ್ದಕ್ಕಿಂತ ಅರ್ಧದಷ್ಟು ತೆಳುವಾಗಿಸಿ ಒಂದೆರಡು ಬಾರಿ ಕೊಟ್ಟರೆ ಸಾಕು. ಹೂವಿನ ನಂತರ ನೀರನ್ನು ಕ್ರಮೇಣ ತಗ್ಗಿಸಿ. ಎಲೆಗಳು ಹಳದಿಯಾಗಿ ಒಣಗಿದಾಗ ಅವನ್ನು ಎಳೆಯದೆ ಕತ್ತರಿಯಿಂದ ತೆಗೆದುಹಾಕಿ, ಏಕೆಂದರೆ ಕೊಳೆಯುವ ಎಲೆಯಲ್ಲಿ ಹುಟ್ಟಿದ ಬೂದುಬಣ್ಣದ ಬೂಷ್ಟು ಅಲ್ಲಿಂದ ಮೊಗ್ಗಿಗೂ ಹರಡುತ್ತದೆ.

ಚಳಿಗಾಲದಲ್ಲಿ ಬೇಕಾದದ್ದು ಚಳಿ, ಬೇಡವಾದದ್ದು ಮಳೆ. ತನ್ನ ನೆಲೆಯಲ್ಲಿ ಕಡಿದಾದ ಬಂಡೆಯೇ ಗಿಡವನ್ನು ನಿಂತ ನೀರಿನಿಂದ ಕಾಯುತ್ತದೆ. ನಮ್ಮ ತೋಟದಲ್ಲಿ ಆ ಕೆಲಸವನ್ನು ಓರೆಯಾಗಿ ನಿಲ್ಲಿಸಿದ ಗಾಜಿನ ಹಾಳೆಯೊಂದು ಮಾಡಬೇಕು. ಬದಿಗಳು ತೆರೆದಿರಲಿ. ಮರಳು ಸಂಪೂರ್ಣ ಒಣಗದಂತೆ ತಿಂಗಳಿಗೊಮ್ಮೆ ಕೈಯಿಟ್ಟು ನೋಡಿ ಸ್ವಲ್ಪ ನೀರು ಕೊಟ್ಟರೆ ಬೇರು ಸುರಕ್ಷಿತ.

ಬಸವನಹುಳು

ಮೂರು ವರ್ಷ ಕಾದು ಬೆಳೆಸಿದ ಗಿಡ ಒಂದೇ ರಾತ್ರಿಯಲ್ಲಿ ಹೋಗಬಹುದು ಎಂಬುದನ್ನು ನಾನು ಅತಿಶಯೋಕ್ತಿಗಾಗಿ ಬರೆಯುತ್ತಿಲ್ಲ. ಬಸವನಹುಳುವಿಗಿಂತಲೂ ಅಪಾಯಕಾರಿಯಾದದ್ದು ಅದರ ಚಿಪ್ಪಿಲ್ಲದ ಬಂಧು ಸ್ಲಗ್, ಅದರಲ್ಲೂ ಕಲ್ಲಿನ ಸಂದುಗಳಲ್ಲಿ ಅಡಗಬಲ್ಲ ಸಣ್ಣ ಗಾತ್ರದವು. ವಸಂತದಲ್ಲಿ ಮೊಗ್ಗುಗಳು ಮೇಲ್ಮೈಗೆ ಬರುವ ವಾರವೇ ಅತ್ಯಂತ ಅಪಾಯದ ವಾರ. ಎಲೆ ಹೋದರೆ ಗಿಡ ಚೇತರಿಸಿಕೊಳ್ಳಬಹುದು. ಬೇರಿನ ತಲೆಯಲ್ಲಿರುವ ಕೆಲವೇ ಮೊಗ್ಗುಗಳನ್ನು ಹುಳು ಕೆರೆದು ತಿಂದರೆ ಮತ್ತೆ ಚಿಗುರಲು ಏನೂ ಉಳಿಯುವುದಿಲ್ಲ.

ನನ್ನ ದೃಷ್ಟಿಯಲ್ಲಿ ಅತ್ಯುತ್ತಮ ರಕ್ಷಣೆ ನೀರಿನ ಕಂದಕ. ಟೂಫಾ ಕಲ್ಲು ಮತ್ತು ಮರಳಿನ ತಟ್ಟೆಯನ್ನು, ಅದಕ್ಕಿಂತ ಅಗಲವಾದ, ನೀರು ತುಂಬಿದ ಇನ್ನೊಂದು ತಟ್ಟೆಯಲ್ಲಿ ಇಟ್ಟಿಗೆಗಳ ಮೇಲೆ ನಿಲ್ಲಿಸಿ. ಹೊರಗಿನಿಂದ ಬರುವ ಹುಳುಗಳಿಗೆ ದಾರಿ ಮುಚ್ಚುತ್ತದೆ. ನೀರಿನಲ್ಲಿ ಸೊಳ್ಳೆ ಬೆಳೆಯದಂತೆ ವಾರಕ್ಕೊಮ್ಮೆ ಬದಲಿಸಬೇಕು. ಹಾಗೆ ನಿಲ್ಲಿಸುವ ಮೊದಲು ಕಲ್ಲನ್ನು ನೀರಿನಲ್ಲಿ ಮುಳುಗಿಸುವುದರಿಂದ ಒಳಗೆ ಅಡಗಿದ್ದ ಹುಳುಗಳೂ ಹೊರಬರುತ್ತವೆ. ಇದು ಸಾಧ್ಯವಿಲ್ಲದ ಕಡೆ ಕಬ್ಬಿಣದ ಫಾಸ್ಫೇಟ್ ಗುಳಿಗೆಗಳನ್ನು ಚಿಗುರು ಬರುವ ಎರಡು ವಾರ ಮೊದಲೇ ಸುತ್ತ ಹಾಕಿ, ಮತ್ತು ಒದ್ದೆ ರಾತ್ರಿಗಳಲ್ಲಿ ಟಾರ್ಚ್ ಹಿಡಿದು ಹೋಗಿ ಕೈಯಿಂದಲೇ ಆರಿಸಿ. ಗಾಜಿನ ಮನೆಯಲ್ಲಿ ಇದರ ಜೊತೆಗೆ ಸಸ್ಯಹೇನು ಮತ್ತು ಕೆಂಪು ನುಸಿಗಳನ್ನೂ ನೋಡಿಕೊಳ್ಳಬೇಕಾಗುತ್ತದೆ. ಗಾಳಿ ಚೆನ್ನಾಗಿ ಆಡಿದರೆ ಅವು ದೊಡ್ಡ ಸಮಸ್ಯೆಯಾಗುವುದಿಲ್ಲ.

ಹೂವು, ಪರಾಗಸ್ಪರ್ಶ, ಮತ್ತೆ ಬೀಜ

ಬಿತ್ತಿದ ಮೂರನೆಯ ಅಥವಾ ನಾಲ್ಕನೆಯ ವರ್ಷ ಮೊದಲ ಗೊಂಚಲು ಬರಬಹುದು. ಆಗ ಭೂತಗನ್ನಡಿಯೊಂದನ್ನು ಹಿಡಿದು ಹೂವನ್ನು ದಿನವೂ ನೋಡಿ. ಮೊಗ್ಗಿನೊಳಗೇ ಕೇಸರಗಳು ಬಿರಿದು ತಮ್ಮ ಪರಾಗವನ್ನು ನಡುವಿನ ಶಲಾಕೆಯ, ಎಂದರೆ ಹೂವಿನ ಹೆಣ್ಣುಭಾಗದ ಕಡ್ಡಿಯ, ಮೇಲೆ ಸವರಿಬಿಡುತ್ತವೆ. ನಂತರ ಶಲಾಕೆ ಉದ್ದವಾಗುತ್ತಾ, ಬುಡ್ಡಿಯ ಕಿರಿದಾದ ಕತ್ತಿನ ಮೂಲಕ ಹೊರಬರುವಾಗ ಪರಾಗವನ್ನೂ ಹೊತ್ತು ತರುತ್ತದೆ. ಬಂದ ಕೀಟಗಳು ಅದನ್ನು ಒಯ್ಯುತ್ತವೆ. ಪರಾಗ ಖಾಲಿಯಾದ ಮೇಲೆಯೇ ಶಲಾಕೆಯ ತುದಿ ಎರಡಾಗಿ ಸೀಳಿ, ಸುರುಳಿಯಾಗಿ ಹಿಂದಕ್ಕೆ ಬಾಗಿ, ಬೇರೆ ಹೂವಿನ ಪರಾಗವನ್ನು ಸ್ವೀಕರಿಸಲು ಸಿದ್ಧವಾಗುತ್ತದೆ. ಹೀಗೆ ಒಂದೇ ಹೂವು ಮೊದಲು ಗಂಡಾಗಿಯೂ ಬಳಿಕ ಹೆಣ್ಣಾಗಿಯೂ ವರ್ತಿಸುತ್ತದೆ. ಹತ್ತಿರದ ಫೈಟ್ಯೂಮಾ ಗಿಡಗಳಲ್ಲಿಯೂ ಇದೇ ಏರ್ಪಾಡಿದೆ, ಆದರೆ ಅಲ್ಲಿ ಎಸಳುಗಳು ಕೊನೆಗೆ ತುದಿಯಲ್ಲಿಯೂ ಬಿಡಿಸಿಕೊಳ್ಳುತ್ತವೆ. ಫೈಸೊಪ್ಲೆಕ್ಸಿಸ್‌ನಲ್ಲಿ ತುದಿಗಳು ಬಿಡಿಸಿಕೊಳ್ಳುವುದೇ ಇಲ್ಲ; ಇದಕ್ಕೆ ಪ್ರತ್ಯೇಕ ಕುಲ ದೊರೆತದ್ದು ಈ ವ್ಯತ್ಯಾಸದಿಂದ.

ಬೀಜ ಬೇಕಾದವರಿಗೆ ಇಲ್ಲಿ ಉಪಯುಕ್ತ ಪಾಠವಿದೆ. ಬೇರೆ ಬೇರೆ ಬೀಜದಿಂದ ಬಂದ ಕನಿಷ್ಠ ಎರಡು ಗಿಡಗಳನ್ನು ಒಟ್ಟಿಗೆ ಬೆಳೆಸಿ. ಗಾಜಿನ ಮನೆಗೆ ಕೀಟಗಳು ಬರದಿದ್ದರೆ, ಒಂದು ಗಿಡದ ಹೊಸದಾಗಿ ಹೊರಬಂದ ಶಲಾಕೆಯಿಂದ ಮೆತ್ತನೆಯ ಸಣ್ಣ ಕುಂಚದಲ್ಲಿ ಪರಾಗವನ್ನು ತೆಗೆದು, ಇನ್ನೊಂದು ಗಿಡದಲ್ಲಿ ತುದಿ ಸೀಳಿಕೊಂಡಿರುವ ಶಲಾಕೆಗೆ ಮುಟ್ಟಿಸಿ. ಗೊಂಚಲಿನ ಹೂಗಳೆಲ್ಲ ಒಂದೇ ದಿನ ಹಣ್ಣಾಗುವುದಿಲ್ಲವಾದ್ದರಿಂದ ಎರಡು ದಿನಕ್ಕೊಮ್ಮೆ, ಒಂದೆರಡು ವಾರದವರೆಗೆ ಇದನ್ನು ಪುನರಾವರ್ತಿಸಬೇಕು.

ಬೇಸಿಗೆಯ ಕೊನೆಗೆ ಹೂವಿನ ಬುಡದಲ್ಲಿರುವ ಬೀಜಕೋಶಗಳು ಕಂದುಬಣ್ಣಕ್ಕೆ ತಿರುಗುತ್ತವೆ. ಅವುಗಳಲ್ಲಿ ಸಣ್ಣ ರಂಧ್ರಗಳು ತೆರೆದರೆ ಧೂಳಿನಂಥ ಬೀಜ ಗಾಳಿಗೆ ಉದುರಿಹೋಗುವುದರಿಂದ, ಬಣ್ಣ ತಿರುಗಲಾರಂಭಿಸಿದ ಕೂಡಲೇ ಗೊಂಚಲಿಗೆ ತೆಳುಬಟ್ಟೆ ಅಥವಾ ಕಾಗದದ ಚೀಲವನ್ನು ಕಟ್ಟಿ. ಪೂರ್ತಿ ಒಣಗಿದ ಮೇಲೆ ಗೊಂಚಲನ್ನು ಕತ್ತರಿಸಿ, ಬಿಳಿಕಾಗದದ ಮೇಲೆ ಒಂದು ವಾರ ನೆರಳಿನಲ್ಲಿ ಹರಡಿ, ಹೊಟ್ಟನ್ನು ಊದದೆ ಸಣ್ಣ ಜರಡಿಯಿಂದ ಬೇರ್ಪಡಿಸಿ. ಅರ್ಧದಷ್ಟನ್ನು ಅದೇ ಶರತ್ಕಾಲದಲ್ಲಿ ನೀವೇ ಬಿತ್ತಿ. ಉಳಿದರ್ಧವನ್ನು, ಗಿಡ ಯಾವ ಮೂಲದ ಬೀಜದಿಂದ ಬಂದದ್ದೆಂಬ ಚೀಟಿಯೊಂದಿಗೆ, ಬೀಜ ವಿನಿಮಯಕ್ಕೆ ಕಳುಹಿಸಿ. ತೋಟಗಳಲ್ಲಿ ಬೆಳೆದ ಬೀಜ ಧಾರಾಳವಾಗಿ ಸಿಗುವಷ್ಟು ಕಾಲ ಬಂಡೆಯ ಮೇಲಿನ ಗಿಡಕ್ಕೆ ಕೈಹಾಕಲು ಯಾರಿಗೂ ನೆಪವಿರುವುದಿಲ್ಲ.